ನಲವತ್ತು ಎಲೆಯ ಊಟ, ಮೂರು ಊರಿನ ಲೆಕ್ಕ

ಅಕ್ಕ-ತಂಗಿಯರೇ, ನಿಮ್ಮ ಮನೆಯಲ್ಲಿ ನಲವತ್ತು ಮಂದಿ ಬೀಗರ ರಾತ್ರಿ ಊಟ ಆಗಬೇಕಾಗಿದೆ, ನಿಮ್ಮ ಬಲಗೈ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿದೆ ಎಂದು ತಿಳಿದುಕೊಳ್ಳಿರಿ. ಆಗ ನೀವೇನು ಮಾಡುವಿರಿ?

ನನಗೆ ಹೋದ ಮಾಘ ಮಾಸದಲ್ಲಿ ಇದೇ ಪ್ರಸಂಗ ಬಂತು. ಮೈದುನನ ಮಗಳ ನಿಶ್ಚಯ. ಸಂಜೆಗೆ ಕಾರ್ಯ, ರಾತ್ರಿಗೆ ಊಟ. ಮದುವೆಯಾಗಿ ಇಪ್ಪತ್ತೈದು ವರ್ಷಗಳಲ್ಲಿ ಕುಬಸ, ತೊಟ್ಟಿಲು, ಶ್ರಾವಣದ ಉದ್ಯಾಪನೆ ಏನೇ ಇರಲಿ, ಒಲೆಯ ಮುಂದೆ ನಾನೇ ನಿಂತವಳು. ಹೊರಗಿನವರನ್ನು ಕರೆಸಿ ಮನೆಯಲ್ಲಿ ಅಡಿಗೆ ಮಾಡಿಸಿದರೆ ಎಷ್ಟು ಬೀಳುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನಮ್ಮವರನ್ನು ಕೇಳಿದರೆ, "ಎಷ್ಟಾಗತೈತಿ, ಒಂದೆರಡು ಸಾವಿರ" ಎಂದುಬಿಟ್ಟರು. ಅವರಿಗೆ ಗೊತ್ತಿರುವುದಾದರೂ ಹೇಗೆ? ಇಷ್ಟು ವರ್ಷ ಒಂದು ರೂಪಾಯಿಯೂ ಬಿದ್ದಿರಲಿಲ್ಲವಲ್ಲ!

ಹೀಗಾಗಿ ಆ ಹದಿನೈದು ದಿನಗಳಲ್ಲಿ ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ವಿಚಾರಿಸಿದೆ. ರೋಣ ನನ್ನ ಗಂಡನ ಮನೆ, ನರಗುಂದ ತವರುಮನೆ, ಗಜೇಂದ್ರಗಡ ತಂಗಿಯನ್ನು ಕೊಟ್ಟ ಊರು. ಆ ತಿರುಗಾಟದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮಗೂ ಒಂದಿಲ್ಲೊಂದು ದಿನ ಉಪಯೋಗಕ್ಕೆ ಬಂದೀತು.

ಮೊದಲು ನಮ್ಮ ರೋಣದ ಮಾತು. ದ್ರೋಣಾಚಾರ್ಯರ ಹೆಸರಿನಿಂದ ದ್ರೋಣಪುರವಾಗಿ, ಅದೇ ಮುಂದೆ ರೋಣವಾಯಿತೆಂದು ಹಿರಿಯರು ಹೇಳುತ್ತಾರೆ. ಹಳೆಯ ಕಲ್ಲಿನ ಗುಡಿಗಳು ಊರ ನಡುವೆ ಮನೆಗಳ ಸಂದಿಯಲ್ಲೇ ನಿಂತಿವೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಜಿಲ್ಲೆಯಾಯಿತು. ಅಲ್ಲಿಯವರೆಗೆ ನಾವೂ ಧಾರವಾಡದವರೇ. ಸುತ್ತಲೂ ಎರೆ ಹೊಲ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಗೋಧಿ. ನಮ್ಮ ಊಟ ಬೆಳೆಯುವುದೂ ಅದೇ ಹೊಲದಲ್ಲಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಕಡಲೆಬೇಳೆಯ ಹೂರಣದ ಹೋಳಿಗೆ.

ನಮ್ಮ ಓಣಿಯಲ್ಲೇ ಅಡಿಗೆ ಕೆಲಸದವರೊಬ್ಬರು ಇದ್ದಾರೆ. ಕರೆಸಿದೆವು. ಕಿಸೆಯಲ್ಲಿ ಸಣ್ಣ ನೋಟುಬುಕ್ಕು, ಕಿವಿಯ ಮೇಲೆ ಪೆನ್ಸಿಲು. ಪಡಸಾಲೆಯಲ್ಲಿ ಕುರ್ಚಿ ಕೊಟ್ಟೆವು, ಚಹಾ ಕೊಟ್ಟೆವು.

"ನಲವತ್ತು ಎಲಿ ಅಂದ್ರ ನಾ ಒಬ್ಬಾಂವ, ಕೈಗೆ ಒಬ್ಬ ಹುಡುಗ. ನನಗ ಮೂರು ಸಾವಿರ, ಹುಡುಗಗ ಏಳುನೂರು. ಸಾಮಾನು ನಿಮ್ಮದು, ಪಾತ್ರಿ ನಿಮ್ಮದು, ಗ್ಯಾಸು ನಿಮ್ಮದು. ರೊಟ್ಟಿ ನಾವು ಬಡಿಯಂಗಿಲ್ಲ, ಅದನ್ನ ಬ್ಯಾರೆ ನೋಡ್ಕೋರಿ" ಎಂದರು.

ಅಲ್ಲೇ ಕುಳಿತು ಸಾಮಾನಿನ ಯಾದಿ ಬರೆಸಿದರು. ನಿಮಗೂ ಬೇಕಾದೀತೆಂದು ಮುಖ್ಯವಾದವನ್ನು ಹೇಳುತ್ತೇನೆ. ಹೋಳಿಗೆಗೆ ಕಡಲೆಬೇಳೆ 3 ಕಿಲೋ, ಬೆಲ್ಲ 3 ಕಿಲೋ. ಮುಳ್ಳುಬದನೆಕಾಯಿ 6 ಕಿಲೋ. ಮಡಕೆಕಾಳು 2 ಕಿಲೋ. ಅನ್ನಕ್ಕೆ ಅಕ್ಕಿ 5 ಕಿಲೋ. ರೊಟ್ಟಿಗೆ ಜೋಳದ ಹಿಟ್ಟು 15 ಕಿಲೋ. ಹೂರಣದ ಬೇಳೆ ಬಸಿದ ಕಟ್ಟಿನಲ್ಲೇ ಸಾರು ಆಗುವುದರಿಂದ ಅದಕ್ಕೆ ಬೇರೆ ಬೇಳೆ ಬೇಡ. ನಮ್ಮವರು ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಐದುನೂರು ಮುಂಗಡ ಕೊಟ್ಟು, "ಆತ್ರಿ, ಬರ್ರಿ" ಎಂದು ಬಾಗಿಲವರೆಗೆ ಹೋಗಿ ಕಳಿಸಿ ಬಂದರು. ಇದನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬರುತ್ತದೆ.

ಉಳಿದದ್ದು ರೊಟ್ಟಿ. ಲಗ್ನದ ದಿನಗಳಾದ್ದರಿಂದ ನಮ್ಮ ಊರಿನ ರೊಟ್ಟಿ ಮಾಡುವವರೆಲ್ಲ ಬೇರೆ ಬೇರೆ ಮನೆಗಳಿಗೆ ಒಪ್ಪಿಕೊಂಡಿದ್ದರು. ಅಣ್ಣನ ಮನೆಗೆ ಕರೆ ಕೊಡಲು ನರಗುಂದಕ್ಕೆ ಹೋಗುವುದು ಹೇಗೂ ಇತ್ತು. ಅಲ್ಲಿಯೇ ಕೇಳಿದರಾಯಿತೆಂದು ಬಸ್ಸು ಹತ್ತಿದೆ.

ನರಗುಂದ ದೂರದಿಂದಲೇ ಕಾಣುವ ಊರು. ಸುತ್ತಲೂ ಅಂಗೈಯಂಥ ಬಯಲು, ನಡುವೆ ಒಂದೇ ಗುಡ್ಡ, ಗುಡ್ಡದ ಮೇಲೆ ಕೋಟೆ, ಗುಡ್ಡದ ಬುಡಕ್ಕೆ ಆತುಕೊಂಡ ಊರು. 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬರ ಸಂಸ್ಥಾನ ಇದೇ. ಹುಬ್ಬಳ್ಳಿ-ಸೊಲ್ಲಾಪುರ ರಸ್ತೆಯ ಮೇಲಿರುವುದರಿಂದ ಬಸ್ಸು-ಲಾರಿಗಳ ಗದ್ದಲ ರಾತ್ರಿಯೂ ನಿಲ್ಲುವುದಿಲ್ಲ. ಆದರೆ ಓಣಿಯೊಳಗೆ ಕಾಲಿಟ್ಟರೆ ಸಂಜೆಯ ಹೊತ್ತಿಗೆ ಮನೆಮನೆಯಿಂದಲೂ ರೊಟ್ಟಿ ಬಡಿಯುವ ಪಟ್ ಪಟ್ ಸಪ್ಪಳ ಕೇಳುತ್ತದೆ. ತವರಿಗೆ ಬಂದೆನೆಂಬುದು ನನಗೆ ಮನಸ್ಸಿಗೆ ತಟ್ಟುವುದು ಆ ಸಪ್ಪಳದಿಂದಲೇ.

ವೈನಿ ಒಬ್ಬ ಹೆಣ್ಣುಮಗಳನ್ನು ಕರೆಸಿದರು. ನನಗಿಂತ ನಾಲ್ಕೈದು ವರ್ಷ ಸಣ್ಣವಳಿರಬೇಕು. ಕುರ್ಚಿ ಇದ್ದರೂ ಹೊಸ್ತಿಲ ಹತ್ತಿರ ನೆಲದ ಮೇಲೆ ಕುಳಿತಳು. ನಾವೂ "ಮ್ಯಾಲ ಕೂಡ್ರವಾ" ಎನ್ನಲಿಲ್ಲ.

"ನಮ್ಮ ಹಿಟ್ಟು ಆದ್ರ ರೊಟ್ಟಿಗೆ ಏಳು ರೂಪಾಯಿ, ನಿಮ್ಮ ಹಿಟ್ಟು ಆದ್ರ ಮೂರು. ಎರಡುನೂರು ರೊಟ್ಟಿಗೆ ಆರುನೂರಾತ್ರಿ. ಬರು-ಹೋಗು ಖರ್ಚಂತ ನೂರು ಕೊಡ್ರಿ" ಎಂದಳು.

ನೋಡಿರಿ, ಅಲ್ಲಿಯವರೆಗೆ ಸುಮ್ಮನಿದ್ದ ನನ್ನೊಳಗಿನ ವ್ಯಾಪಾರಸ್ಥೆ ಎದ್ದು ಕುಳಿತಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟೇ ಇಲ್ಲ. ನಾನೂ ಅದೇ ಬಸ್ಸಿನಲ್ಲಿ ಪುಕ್ಕಟೆ ಬಂದು ಇಳಿದವಳು. "ಬಸ್ಸು ಫ್ರೀ ಐತಲ್ಲವಾ, ಖರ್ಚೆಲ್ಲಿದು?" ಎಂದೆ.

ಅವಳು ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಬಸ್ಸು ಫ್ರೀ ಐತ್ರಿ ಅಕ್ಕಾರ, ನನ್ನ ರಟ್ಟಿ ಫ್ರೀ ಇಲ್ರಿ" ಎಂದಳು.

ವೈನಿ ನಕ್ಕರು, ನಾನೂ ನಕ್ಕೆ. ನಗುತ್ತಲೇ ಹಿಡಿದು ಜಗ್ಗಿ, ಬರು-ಹೋಗುವ ನೂರನ್ನು ಬಿಡಿಸಿ, ಆರುನೂರನ್ನೂ ಐದುನೂರಕ್ಕೆ ಇಳಿಸಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಆತು ಬಿಡ್ರಿ" ಎಂದು ಎದ್ದು ಹೋದಳು. ನೂರೂ ನೂರೂ ಇನ್ನೂರು ರೂಪಾಯಿ ಉಳಿಸಿದೆನೆಂದು ನನಗೆ ಸಂತೋಷವೋ ಸಂತೋಷ.

ಸಂಜೆ ಬಸ್ ಸ್ಟ್ಯಾಂಡಿಗೆ ಬರುವಾಗ ಅಣ್ಣ ಜೊತೆಗಿದ್ದ. ಮಾತಿಗೆ ಮಾತು ಬಂದು 1980ರ ಸಂಗತಿ ತೆಗೆದ. ಮಲಪ್ರಭೆಯ ನೀರು ಸರಿಯಾಗಿ ಹೊಲಕ್ಕೆ ಹರಿಯುವ ಮೊದಲೇ ಸರಕಾರ ಅಭಿವೃದ್ಧಿ ಕರ ಕೇಳಿತ್ತು. ಬೆಳೆ ಇಲ್ಲದ ಹೊಲಕ್ಕೆ ಕರ ಎಲ್ಲಿಂದ ಕೊಡಬೇಕೆಂದು ರೈತರು ಎದ್ದರು. ಆ ವರ್ಷ ಜುಲೈ 21ರಂದು ಗೋಳೀಬಾರಾಗಿ ರೈತರ ಜೀವ ಹೋಯಿತು. ಈಗಲೂ ಪ್ರತಿವರ್ಷ ಆ ದಿನ ನರಗುಂದದಲ್ಲಿ ಅವರನ್ನು ನೆನೆಯುತ್ತಾರೆ. "ನಮ್ಮ ಊರು ಲೆಕ್ಕಾ ಕೇಳೋ ಊರವಾ" ಎಂದ ಅಣ್ಣ. ನಾನು ತಲೆಯಾಡಿಸಿದೆ. ಅದೇ ಊರಿನ ಹೆಣ್ಣುಮಗಳೊಬ್ಬಳು ಮಧ್ಯಾಹ್ನ ನನ್ನ ಮುಂದೆ ತನ್ನ ಲೆಕ್ಕ ಹೇಳಿದ್ದಳು, ನಾನು ಅದನ್ನು ಮುರಿದು ಬಂದಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಮರುವಾರ ತಂಗಿಗೆ ಕರೆ ಕೊಡಲು ಗಜೇಂದ್ರಗಡಕ್ಕೆ ಹೋದೆ. ರೋಣದಿಂದ ಸೂಡಿಯ ಮೇಲೆ ಹಾದು ಹೋಗುವ ದಾರಿ. ಸೂಡಿಯಲ್ಲಿ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ ಇದೆ, ಸುತ್ತಲೂ ಕಲ್ಲು ಕಟ್ಟಿದ ಹೊಂಡವೂ ಇದೆ. ಅವಕಾಶವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಮುಂದೆ ಎರೆ ಹೊಲ ಮುಗಿದು ಕಲ್ಲುಗುಡ್ಡ ಸುರುವಾಗುತ್ತದೆ. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಅವುಗಳ ಕೆಳಗೆ ಹಳೆಯ ಕೋಟೆ. ಗುಡ್ಡದ ಹೊಟ್ಟೆಯಲ್ಲಿ ಕಾಲಕಾಲೇಶ್ವರನ ಗುಡಿ. ಮೆಟ್ಟಿಲು ಹತ್ತಿ ಹೋದರೆ ಬಂಡೆಯೊಳಗಿಂದ ಅಂತರಗಂಗೆಯ ನೀರು ಬೀಳುತ್ತದೆ. ಉರಿಬಿಸಿಲಿನಲ್ಲಿ ಹತ್ತಿದವರಿಗೆ ಆ ನೀರು ಮುಖಕ್ಕೆ ತಾಕಿದರೆ ಸಾಕು, ದಣಿವು ಇಳಿಯುತ್ತದೆ.

ಗಜೇಂದ್ರಗಡ ನೇಕಾರರ ಊರೂ ಹೌದು. ಪಟ್ಟೇದಂಚಿನ ಸೀರೆಗೆ ಹೆಸರಾದದ್ದು. ತಂಗಿಯ ಮನೆಯ ಹಿಂದೆಯೇ ಮಗ್ಗದ ಮನೆ. ಸೀರೆಗೆ ಇಷ್ಟೆಂದು ಅಲ್ಲಿ ಕೂಲಿ. ಎಷ್ಟು ಸೀರೆ ಇಳಿದವೋ ಅಷ್ಟೇ ರೊಕ್ಕ. ಜ್ವರ ಬಂದು ಮಲಗಿದ ದಿನಕ್ಕೆ ಏನೂ ಇಲ್ಲ.

ತಂಗಿಯ ಗಂಡ ತಮ್ಮ ಪರಿಚಯದ ಕೇಟರಿಂಗಿನವರಿಗೆ ಫೋನು ಮಾಡಿಕೊಟ್ಟರು. ಅವರ ಪದ್ಧತಿಯೇ ಬೇರೆ. ಎಲೆಗೆ 180 ರೂಪಾಯಿ. ಅಡಿಗೆ ತಮ್ಮಲ್ಲೇ ಮಾಡಿ ಗಾಡಿಯಲ್ಲಿ ತರುತ್ತಾರೆ, ಬಡಿಸುವ ಹುಡುಗರೂ ಅವರೇ, ಪಾತ್ರೆಯೂ ಅವರದೇ. ಆದರೆ 50 ಎಲೆಗಿಂತ ಕಡಿಮೆ ಒಪ್ಪುವುದಿಲ್ಲ. ಹೋಳಿಗೆ ಬೇಕೆಂದರೆ ಎಲೆಗೆ ಇನ್ನಷ್ಟು, ಇಲ್ಲವಾದರೆ ಜಿಲೇಬಿ. ರೊಟ್ಟಿ ಖಡಕ್ ರೊಟ್ಟಿಯೇ, ಬಿಸಿ ರೊಟ್ಟಿ ಆಗುವುದಿಲ್ಲ.

"ಅಕ್ಕಾ, ಸುಮ್ನ ಇದನ್ನ ಒಪ್ಪಿಬಿಡು. ಪಾತ್ರಿ ತಿಕ್ಕೋದು ಸುದ್ಧಾ ಉಳಿತೈತಿ" ಎಂದಳು ತಂಗಿ. ಅವಳ ಮಾತಿನಲ್ಲೂ ಹುರುಳಿತ್ತು.

ಊರಿಗೆ ಬಂದು ರಾತ್ರಿ ಹಾಳೆಯ ಮೇಲೆ ಎರಡನ್ನೂ ಬರೆದು ನೋಡಿದೆ. ಕೇಟರಿಂಗಿಗೆ 50 ಎಲೆಗೆ 9,000 ರೂಪಾಯಿ. ಮನೆಯಲ್ಲೇ ಮಾಡಿಸಿದರೆ ಹೀಗೆ: ಅಡಿಗೆಯವರು 3,000, ಕೈಹುಡುಗ 700, ಪಾತ್ರೆ ಬಾಡಿಗೆ 400, ಪಾತ್ರೆ ತಿಕ್ಕುವಾಕೆಗೆ 500, ಕಿರಾಣಿ-ಕಾಯಿಪಲ್ಯೆ-ಹಾಲು-ತುಪ್ಪ 4,300, ಜೋಳ 750, ರೊಟ್ಟಿಯ ಕೂಲಿ ನಾನು ಇಳಿಸಿದ ದರದಲ್ಲಿ 500. ಒಟ್ಟು 10,150. ಎಲೆಗೆ 250ರ ಮೇಲೆ. ನಮ್ಮವರ "ಒಂದೆರಡು ಸಾವಿರ" ಎಲ್ಲಿ, ಇದು ಎಲ್ಲಿ! ಅವರು ಹಾಳೆಯನ್ನು ಎರಡು ಸಲ ತಿರುವಿ ನೋಡಿ ಸುಮ್ಮನಾದರು.

ಕೊನೆಗೆ ಅತ್ತೆಯವರ ಮಾತಿನ ಮೇಲೆ ಮನೆಯಲ್ಲೇ ಎಂದು ಗೊತ್ತಾಯಿತು. "ಹೊಸ ಬೀಗರು ಮೊದಲನೇ ಸಲ ಬರಾಕತ್ತಾರ. ನಮ್ಮ ಒಲಿ ಉರಿಯೂದು ಅವರಿಗೆ ಕಾಣಬೇಕು" ಎಂದರು ಅವರು.

ಕಾರ್ಯದ ದಿನ ಅಡಿಗೆಯವರು ಹನ್ನೊಂದಕ್ಕೇ ಬಂದರು. ಸ್ವಚ್ಛ ಕೆಲಸ, ಒಳ್ಳೆಯ ಕೈ. ಎಣ್ಣೆಗಾಯಿಗೆ ಶೇಂಗಾ, ಎಳ್ಳು, ಗುರೆಳ್ಳು ಹದವಾಗಿ ಹುರಿದು ತುಂಬಿದ್ದನ್ನು ನೋಡಿ ನಾನೇ ಒಂದೆರಡು ಸಂಗತಿ ಕಲಿತೆ. ರೊಟ್ಟಿಯಾಕೆ ಎರಡು ಗಂಟೆಯ ಬಸ್ಸಿಗೆ ಇಳಿದು ಬಂದಳು. ಹಿತ್ತಲಲ್ಲಿ ತಗಡಿನ ಕೆಳಗೆ ಎರಡು ಒಲೆ ಹೂಡಿಕೊಂಡು ಮೂರಕ್ಕೆ ಕುಳಿತಳು. ಒಂದು ಹಂಚಿನ ಮೇಲೆ ರೊಟ್ಟಿ ಬೇಯುವಷ್ಟರಲ್ಲಿ ಇನ್ನೊಂದನ್ನು ಬಡಿಯುತ್ತಿದ್ದಳು. ಹಾಳೆಯಂಥ ತೆಳು, ಚಂದ್ರನಂಥ ದುಂಡು.

ನಲವತ್ತು ಎಂದ ಬೀಗರು ಐವತ್ತೆರಡು ಮಂದಿ ಬಂದರು. ಎರಡುನೂರು ರೊಟ್ಟಿ ಸಾಲಲಿಲ್ಲ. ಮನೆಯ ಡಬ್ಬಿಯ ಹಿಟ್ಟನ್ನೂ ತೆಗೆದುಕೊಟ್ಟು, "ಇನ್ನಷ್ಟು ಬಡಿಯವಾ" ಎಂದು ಹೇಳಿ ಒಳಗೆ ಓಡಿದೆ. ಊಟ ಬಹಳ ಚೆನ್ನಾಯಿತೆಂದು ಬೀಗರು ಹೊಗಳಿದರು. ನಮ್ಮವರು ಅಡಿಗೆಯವರನ್ನು ಪಡಸಾಲೆಗೆ ಕರೆದು, ಹಣ ಎಣಿಸಿ ಕೊಟ್ಟು, ಮೇಲೆ ಟಾವೆಲು, ತೆಂಗಿನಕಾಯಿ ಕೊಟ್ಟರು. ಕೈಹುಡುಗನಿಗೂ ನೂರು ರೂಪಾಯಿ ಖುಷಿ.

ಒಂಬತ್ತೂವರೆ ದಾಟಿತ್ತು. ಬೀಗರ ಗಾಡಿ ಹೋಯಿತು. ಚೂರು ಉಪ್ಪಿನಕಾಯಿ ತೆಗೆದಿಡಲೆಂದು ಹಿತ್ತಲಿನ ಕಡೆ ಹೋದೆ. ಅವಳು ಆರಿದ ಒಲೆಯ ಮುಂದೆ ಕುಳಿತಿದ್ದಳು. ಒಂದು ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನನ್ನು ನೋಡಿ ತಿನ್ನುವುದನ್ನು ನಿಲ್ಲಿಸಿದಳು.

"ಉಂಡಿಲ್ಲೇನವಾ?"

"ಕರೀತಾರಂತ ಕುಂತಿದ್ನಿರಿ. ಗದ್ದಲದಾಗ ಇದ್ರಿ ನೀವು."

ಒಳಗೆ ಹೋಗಿ ನೋಡಿದರೆ ಹೋಳಿಗೆಯ ಬುಟ್ಟಿ ಖಾಲಿ, ಎಣ್ಣೆಗಾಯಿಯ ಪಾತ್ರೆಯನ್ನು ಆಗಲೇ ತಿಕ್ಕಿ ಬೋರಲು ಹಾಕಿದ್ದರು. ಅನ್ನವೂ ಕಟ್ಟಿನ ಸಾರೂ ಉಳಿದಿದ್ದವು. ಬಿಸಿ ಮಾಡಿ ತಂದು ಬಡಿಸಿದೆ. ಐವತ್ತೆರಡು ಮಂದಿಗೆ ರೊಟ್ಟಿ ಬಡಿದವಳಿಗೆ ನಮ್ಮ ಮನೆಯಲ್ಲಿ ಒಂದು ಹೋಳಿಗೆ ಉಳಿದಿರಲಿಲ್ಲ. ಕಡೆಯ ಬಸ್ಸೂ ಹೋಗಿತ್ತು.

ಅವಳು ಉಣ್ಣುವಾಗ ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಆರೂವರೆ ತಾಸು, ಹೊಗೆ, 260 ರೊಟ್ಟಿ. ಹೇಳಿದ ದರದಂತೆ 780 ರೂಪಾಯಿ. ನಾನು ಗೊತ್ತು ಮಾಡಿದ್ದು ಐದುನೂರು. ನೋಟುಬುಕ್ಕು ಹಿಡಿದು ಕುರ್ಚಿಯ ಮೇಲೆ ಕುಳಿತವರಿಗೆ ಕೇಳಿದಷ್ಟು ಕೊಟ್ಟೆವು, ನೆಲದ ಮೇಲೆ ಕುಳಿತವಳ ಹತ್ತಿರ ಇನ್ನೂರಕ್ಕಾಗಿ ಜಗ್ಗಾಡಿದೆವು. ಆ ಜಗ್ಗಾಟ ಮಾಡಿದ್ದು ನಮ್ಮವರಲ್ಲ. ನಾನು, ಒಬ್ಬ ಹೆಂಗಸು, ದಿನಾ ರೊಟ್ಟಿ ಬಡಿಯುವವಳು.

ಯಾಕೆ ಹೀಗಾಯಿತೆಂದು ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ರೊಟ್ಟಿ ಬಡಿಯುವುದಕ್ಕೂ ಹಣ ಕೊಡಬೇಕೇ ಎಂಬ ಭಾವನೆ ನನ್ನಲ್ಲೇ ಇತ್ತು. ಯಾಕೆಂದರೆ ನನಗೆ ಅದಕ್ಕೆ ಯಾರೂ ಎಂದೂ ಹಣ ಕೊಟ್ಟಿಲ್ಲ. ಕೇಂದ್ರ ಸರಕಾರ 2019ರಲ್ಲಿ ಮಾಡಿದ ಒಂದು ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೂಲಿಯಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆಂದು ಬಂದಿತ್ತು, ಅಂದರೆ ಹೆಚ್ಚುಕಡಿಮೆ ಐದು ತಾಸು. ಗಂಡಸರಲ್ಲಿ ಮಾಡುವವರು ಮೊದಲೇ ಕಡಿಮೆ, ಮಾಡಿದವರದೂ 97 ನಿಮಿಷ. ನಮ್ಮ ಐದು ತಾಸಿಗೆ ಬೆಲೆ ಇಲ್ಲವೆಂದು ನಾವೇ ಒಪ್ಪಿಕೊಂಡು ಕುಳಿತರೆ, ಅದೇ ಕೆಲಸಕ್ಕೆ ಇನ್ನೊಬ್ಬಳು ಬೆಲೆ ಹೇಳಿದಾಗ ಅದು ನಮಗೆ ದುಬಾರಿ ಎನಿಸದೆ ಇರುತ್ತದೆಯೇ? ಮನೆಗೆಲಸದವರಿಗೆ ಕನಿಷ್ಠ ಕೂಲಿ ಇರಬೇಕೆಂದು ನಮ್ಮ ರಾಜ್ಯ 2004ರಲ್ಲೇ ಗೊತ್ತುಪಡಿಸಿತ್ತು. ಕಾಗದದ ಮೇಲಿನ ಆ ಮಾತು ನಮ್ಮ ಹಿತ್ತಲಿಗೆ ಬರಬೇಕಾದರೆ ತರಬೇಕಾದವರು ನಾವೇ ಅಲ್ಲವೇ?

ಬೆಳಿಗ್ಗೆ ಅವಳ ಕೈಗೆ ಸಾವಿರ ರೂಪಾಯಿ ಇಟ್ಟೆ. ಎಣಿಸಿ ನೋಡಿ, "ಹೆಚ್ಚಾತಲ್ರಿ" ಎಂದಳು. "780 ರೊಟ್ಟಿದು. ನೂರು ಬರು-ಹೋಗೂದು. ಉಳಿದದ್ದು ರಾತ್ರಿ ಹೊತ್ತಾಗಿದ್ದಕ್ಕ" ಎಂದೆ. ನಮ್ಮವರು ಒಳಗಿನಿಂದ ಗಂಟಲು ಸರಿಪಡಿಸಿಕೊಂಡರು, ನಾನು ಕೇಳಿಸದವಳಂತೆ ಇದ್ದೆ. ಮೊದಲ ಬಸ್ಸಿಗೆ ಹೋದಳು. ಆಮೇಲೆ ಅವಳು ವೈನಿಯ ಮುಂದೆ, "ರೋಣದ ಅಕ್ಕಾರು ಚಲೋ ಅದಾರ, ಆದ್ರ ಮೊದಲು ಭಾಳ ಹಿಡೀತಾರ" ಎಂದಳಂತೆ. ಖರೆ ಮಾತು. ಸಾವಿರ ಕೊಟ್ಟ ಮಾತ್ರಕ್ಕೆ ಅದು ಅಳಿಸಿ ಹೋಗುವುದಿಲ್ಲ.

ನೀವೂ ಅಡಿಗೆಯವರನ್ನು ಕರೆಸುವುದಾದರೆ ಈ ನಾಲ್ಕು ಮಾತು ನೆನಪಿಡಿರಿ:

1) ದರದಲ್ಲಿ ಏನೇನು ಸೇರಿದೆ, ಪಾತ್ರೆ, ಗ್ಯಾಸು, ಬಡಿಸುವುದು, ತಿಕ್ಕುವುದು ಯಾರದೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಮನೆಯ 14.2 ಕಿಲೋ ಸಿಲಿಂಡರು ಒಂದೇ ಇದ್ದರೆ ಇನ್ನೊಂದರ ವ್ಯವಸ್ಥೆ ಮೊದಲೇ ಆಗಲಿ.

2) ಹೇಳಿದಕ್ಕಿಂತ ಮಂದಿ ಹೆಚ್ಚು ಬಂದರೆ ಕೂಲಿಯೂ ಹೆಚ್ಚೆಂದು ಮೊದಲೇ ಮಾತಾಡಿರಿ. ರೊಟ್ಟಿಗೆ ಎಣಿಕೆಯ ಲೆಕ್ಕವೇ ನ್ಯಾಯ.

3) ಕೆಲಸದವರ ಎಲೆಗಳನ್ನು ಸಾಮಾನಿನ ಯಾದಿ ಬರೆಯುವಾಗಲೇ ಸೇರಿಸಿರಿ. ಹೋಳಿಗೆ ಬೆಂದ ಕೂಡಲೇ ಅವರ ಪಾಲನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟುಬಿಡಿರಿ. ಬೀಗರಿಗೆ ಎರಡು ಕಡಿಮೆಯಾದರೂ ನಡೆದೀತು.

4) ಹೆಂಗಸರಿಗೆ ರಾತ್ರಿ ಮರಳಿ ಹೋಗುವುದು ಹೇಗೆಂದು ನೀವೇ ವಿಚಾರಿಸಿರಿ.

ಇನ್ನೊಂದು ಮಾತು. ಆ ಲೆಕ್ಕದ ಹಾಳೆಯನ್ನು ನಾನು ಹರಿದು ಹಾಕಿಲ್ಲ. ಐದುನೂರು ಎಂದಿದ್ದನ್ನು ಹೊಡೆದು ಸಾವಿರ ಎಂದು ಬರೆದು, ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ. ಕೈ ಈಗ ನೆಟ್ಟಗಾಗಿದೆ, ದಿನಾ ನಾನೇ ರೊಟ್ಟಿ ಬಡಿಯುತ್ತೇನೆ. ಮೊನ್ನೆ ನಮ್ಮವರು ಆ ಹಾಳೆಯನ್ನು ತೆಗೆದು ಓದಿ, ಸ್ವಲ್ಪ ಹೊತ್ತು ನಿಂತು, ತಮ್ಮ ಊಟದ ತಾಟನ್ನು ತಾವೇ ತೊಳೆದಿಟ್ಟು ಹೋದರು. ನಾನು ಏನೂ ಅನ್ನಲಿಲ್ಲ. ನೀವೂ ಒಂದು ಸಲ ಹಾಳೆಯ ಮೇಲೆ ಬರೆದು ನೋಡಿರಿ.